ಹಳೆಯ ಯಂತ್ರ, ಹಳೆಯ ಮರ: ನೆಲಮಾಳಿಗೆಯ ಬಡಗಿಮನೆ

ನ್ಯೂಯಾರ್ಕ್-ನ್ಯೂಜೆರ್ಸಿ ಸೀಮೆಯ ಹಳೆಯ ಮನೆಗಳಲ್ಲಿ ನೆಲಮಾಳಿಗೆ ಸಾಮಾನ್ಯ. ಕನ್ನಡಿಗರ ಮನೆಗಳಲ್ಲಿ ಅದು ಮೊದಲು ಮಕ್ಕಳ ಆಟದ ಜಾಗ, ಅನಂತರ ಸೂಟ್‌ಕೇಸುಗಳ ಉಗ್ರಾಣ, ಮಕ್ಕಳು ಕಾಲೇಜಿಗೆ ಹೊರಟ ಮೇಲೆ ಬರಿದಾದ ಕೋಣೆ. ಐವತ್ತು ದಾಟಿದವರಲ್ಲಿ ಕೆಲವರು ಅಲ್ಲಿ ಮರಗೆಲಸಕ್ಕೆ ತೊಡಗುತ್ತಾರೆ. ಹೊಸ ಯಂತ್ರಗಳ ಬೆಲೆ ಕಂಡು ಹಿಂಜರಿಯುವವರಿಗೆ ಈ ಪ್ರದೇಶದಲ್ಲೊಂದು ಅನುಕೂಲವಿದೆ: ಶತಮಾನಕ್ಕೂ ಮಿಕ್ಕಿ ಇದು ಕಾರ್ಖಾನೆಗಳ ನಾಡಾಗಿತ್ತು. ಆ ಕಾಲದ ಸರಕು ಇಂದಿಗೂ ಮನೆ ಖಾಲಿ ಮಾಡುವವರ ಮಾರಾಟಗಳಲ್ಲಿ, ಲ್ಯಾಂಬರ್ಟ್‌ವಿಲ್‌ನ ಗೋಲ್ಡನ್ ನಗೆಟ್ ಸಂತೆಯಲ್ಲಿ, ಪುರಸಭೆಯವರು ದೊಡ್ಡ ಕಸ ಒಯ್ಯುವ ದಿನ ರಸ್ತೆಯಂಚಿನಲ್ಲಿ ಸಿಗುತ್ತದೆ. ಯಾವುದನ್ನು ತರಬೇಕು, ಹೇಗೆ ಬದಲಿಸಿಕೊಳ್ಳಬೇಕು, ಯಾವುದನ್ನು ಬಿಟ್ಟು ಬರಬೇಕು ಎಂಬುದೇ ಈ ಲೇಖನದ ವಿಷಯ. ಬರೆಯುತ್ತಿರುವವನು ವೃತ್ತಿಯಿಂದ ವೈದ್ಯನಾದ್ದರಿಂದ ಬಿಟ್ಟು ಬರಬೇಕಾದವುಗಳ ಮಾತು ತುಸು ಹೆಚ್ಚಾಗಿದೆ.

ನಮಗೆ ತೀರ ಪರಿಚಿತವಾದ ವಸ್ತುವಿನಿಂದಲೇ ಆರಂಭಿಸಬಹುದು. ಸಿಂಗರ್ ಕಂಪನಿ 1873ರಲ್ಲಿ ನ್ಯೂಜೆರ್ಸಿಯ ಎಲಿಜಬೆತ್ ಪಟ್ಟಣದಲ್ಲಿ ಹೊಲಿಗೆಯಂತ್ರಗಳ ಬೃಹತ್ ಕಾರ್ಖಾನೆಯನ್ನು ತೆರೆಯಿತು. ಅದು ಮುಚ್ಚಿದ್ದು 1982ರಲ್ಲಿ. ನಮ್ಮ ಊರುಗಳ ಪಡಸಾಲೆಯಲ್ಲಿ ಅಜ್ಜಿಯರು ತುಳಿಯುತ್ತಿದ್ದ ಕಾಲುಮಿಶನ್ನಿನ ಒಡಹುಟ್ಟುಗಳೇ ಇಲ್ಲಿಯ ಹಳೆಯ ಮನೆಗಳಲ್ಲೂ ಇವೆ. ಮೇಲಿನ ಯಂತ್ರ ಕೆಟ್ಟಿದ್ದರೂ ಕೆಳಗಿನ ಎರಕದ ಕಬ್ಬಿಣದ ಕಾಲುಗಳು, ತುಳಿಹಲಗೆ, ದೊಡ್ಡ ಗಾಲಿ ಇವು ಕೆಡುವುದು ಅಪರೂಪ. ಅನೇಕರು ಅದರ ಮೇಲೊಂದು ಹಲಗೆಯಿಟ್ಟು ಮೇಜು ಮಾಡಿ ಮುಗಿಸುತ್ತಾರೆ. ಚಕ್ರವನ್ನು ಅಲಂಕಾರಕ್ಕೆ ನಿಲ್ಲಿಸುವುದು ನನಗೆ ಒಗ್ಗದು. ಅದನ್ನು ಸಣ್ಣ ಲೇತಿಗೋ ತೆಳು ಅಲಗಿನ ನಕಾಶೆ ಗರಗಸಕ್ಕೋ ಜೋಡಿಸುವುದೇ ಸರಿಯಾದ ಮರುಬಳಕೆ.

ಇದರ ತತ್ತ್ವ ಸರಳವಾದುದು. ಚನ್ನಪಟ್ಟಣದ ಕುಶಲಕರ್ಮಿಗಳ ಸಾಂಪ್ರದಾಯಿಕ ಕೈಲೇತನ್ನು ಬಿಲ್ಲಿನ ಹಗ್ಗದಿಂದ ತಿರುಗಿಸುತ್ತಾರೆ. ಅಲ್ಲಿ ಹಾಲೆಮರದ ತುಂಡು ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸುತ್ತುವುದರಿಂದ ಉಳಿ ಕಡಿಯುವುದು ಒಂದು ದಿಕ್ಕಿನಲ್ಲಿ ಮಾತ್ರ. ಹೊಲಿಗೆಯಂತ್ರದ ತುಳಿಹಲಗೆಯಾದರೋ ಬಾಗುದಂಡದ ಮೂಲಕ ಮೇಲೆ ಕೆಳಗಿನ ಚಲನೆಯನ್ನು ಒಂದೇ ದಿಕ್ಕಿನ ಸುತ್ತಾಗಿ ಮಾರ್ಪಡಿಸುತ್ತದೆ. ದೊಡ್ಡ ಗಾಲಿಯ ವ್ಯಾಸ 12 ಅಂಗುಲ, ಲೇತಿನ ರಾಟೆಯದು 3 ಅಂಗುಲ ಎಂದಿಟ್ಟುಕೊಂಡರೆ ಪ್ರತಿ ತುಳಿತಕ್ಕೆ ಲೇತು ನಾಲ್ಕು ಸುತ್ತು ಸುತ್ತುತ್ತದೆ. ನಿಮಿಷಕ್ಕೆ ನೂರು ತುಳಿತವಾದರೆ ನಾನೂರು ಸುತ್ತು. ಬುಗುರಿ, ಚಿಲಕದ ಗುಬುಟು, ಕುಂಕುಮದ ಭರಣಿಗೆ ಇಷ್ಟು ಸಾಕು. ಆದರೆ ಮನುಷ್ಯನ ಕಾಲು ಬಹುಹೊತ್ತು ಕೊಡಬಲ್ಲ ಶಕ್ತಿ ಸುಮಾರು 75 ವ್ಯಾಟ್ ಮಾತ್ರ, ಅಂದರೆ ಒಂದು ಅಶ್ವಶಕ್ತಿಯ ಹತ್ತನೆಯ ಒಂದು ಭಾಗ. ದೊಡ್ಡ ಬೋಗುಣಿಯನ್ನು ಇದರಲ್ಲಿ ಕಡೆಯಹೊರಟರೆ ಮಂಡಿ ದೂರು ಹೇಳುತ್ತದೆ.

ವಿದ್ಯುತ್ ಯಂತ್ರಗಳ ವಿಷಯಕ್ಕೆ ಬಂದರೆ, ಪ್ಲೇನ್‌ಫೀಲ್ಡ್ ಪಟ್ಟಣದ ಹೆಸರನ್ನು ನೆನಪಿಡಬೇಕು. ಇಂದು ಕನ್ನಡಿಗರು ಸಾಕಷ್ಟು ಸಂಖ್ಯೆಯಲ್ಲಿರುವ ಎಡಿಸನ್ನಿಗೆ ಹತ್ತಿರದ ಈ ಊರಿನಲ್ಲಿ ವಾಕರ್-ಟರ್ನರ್ ಕಂಪನಿ 1930 ಮತ್ತು 40ರ ದಶಕಗಳಲ್ಲಿ ಬೈರಿಗೆ ಯಂತ್ರ, ಪಟ್ಟಿ ಗರಗಸ, ಲೇತುಗಳನ್ನು ತಯಾರಿಸುತ್ತಿತ್ತು. ದಪ್ಪ ಎರಕದ ಮೈಯ ಈ ಯಂತ್ರಗಳು ಅದುರುವುದು ಕಡಿಮೆ, ಮತ್ತು ಬಿಚ್ಚಿ ಜೋಡಿಸಲು ಬರುವಂತೆ ರಚಿತವಾದವು. ಸವೆದ ಬೇರಿಂಗ್‌ಗೆ ಹೆದರಬೇಕಾಗಿಲ್ಲ. ಬೇರಿಂಗ್‌ನ ಮೈಮೇಲಿನ ಸಂಖ್ಯೆ ಬಹುಮಟ್ಟಿಗೆ ಜಾಗತಿಕವಾದುದು: 6203 ಎಂದಿದ್ದರೆ ಒಳರಂಧ್ರ 17, ಹೊರವ್ಯಾಸ 40, ದಪ್ಪ 12 ಮಿಲಿಮೀಟರ್, ನ್ಯೂಅರ್ಕ್‌ನಲ್ಲಿ ಕೊಂಡರೂ ಬೆಂಗಳೂರಿನಲ್ಲಿ ಕೊಂಡರೂ ಅದೇ ಅಳತೆ. ಎರಕ ಬಿರುಕುಬಿಟ್ಟಿದ್ದರೆ ಮಾತ್ರ ಬಿಟ್ಟು ಬನ್ನಿ. ತುಕ್ಕನ್ನು ವಾಷಿಂಗ್ ಸೋಡಾ ಬೆರೆಸಿದ ನೀರಿನಲ್ಲಿ ಬ್ಯಾಟರಿ ಚಾರ್ಜರ್ ಬಳಸಿ ವಿದ್ಯುತ್ತಿನಿಂದ ಬಿಡಿಸಬಹುದು. ಧನಧ್ರುವಕ್ಕೆ ಸಾಧಾರಣ ಕಬ್ಬಿಣವನ್ನೇ ಕಟ್ಟಬೇಕು. ಸ್ಟೇನ್‌ಲೆಸ್ ಸ್ಟೀಲ್ ಕಟ್ಟಿದರೆ ಕ್ಯಾನ್ಸರ್‌ಕಾರಕವಾದ ಕ್ರೋಮಿಯಂ ಲವಣಗಳು ನೀರಿಗೆ ಇಳಿಯುತ್ತವೆ. ಜಲಜನಕ ಅನಿಲ ಹೊಮ್ಮುವುದರಿಂದ ಈ ಕೆಲಸ ಮನೆಯ ಹೊರಗೇ ಆಗಬೇಕು.

ಮೋಟಾರನ್ನು ಆರಿಸುವಾಗ ಫಲಕವನ್ನು ಓದಿ. 1725 ಎಂಬ ವೇಗ ಇಲ್ಲಿ ಪದೇ ಪದೇ ಕಾಣಿಸುತ್ತದೆ. ಅಮೆರಿಕದ 60 ಹರ್ಟ್ಸ್ ವಿದ್ಯುತ್ತಿನಲ್ಲಿ ನಾಲ್ಕು ಧ್ರುವಗಳ ಮೋಟಾರಿನ ಕಾಂತಕ್ಷೇತ್ರ ನಿಮಿಷಕ್ಕೆ 1800 ಸಲ ಸುತ್ತುತ್ತದೆ, ಮೋಟಾರು ತುಸು ಹಿಂದೆ ಬೀಳುತ್ತದೆ. 3 ಅಂಗುಲದ ರಾಟೆಯಿಂದ 5 ಅಂಗುಲದ ರಾಟೆಗೆ ಬೆಲ್ಟ್ ಹಾಕಿದರೆ ವೇಗ 1035ಕ್ಕೆ ಇಳಿಯುತ್ತದೆ. ನಿವೃತ್ತಿಯ ನಂತರ ಮೈಸೂರಿಗೆ ಯಂತ್ರವನ್ನು ಹಡಗಿನಲ್ಲಿ ಸಾಗಿಸುವ ಕನಸಿದ್ದವರು ಗಮನಿಸಿ: ಭಾರತದ 50 ಹರ್ಟ್ಸ್‌ನಲ್ಲಿ ಅದೇ ಮೋಟಾರು ಸುಮಾರು 1440ಕ್ಕೆ ಇಳಿಯುವುದಲ್ಲದೆ, ಟ್ರಾನ್ಸ್‌ಫಾರ್ಮರ್ ಇಟ್ಟರೂ ಬಿಸಿಯೇರುತ್ತದೆ. ಯಂತ್ರವನ್ನು ಒಯ್ಯಿರಿ, ಮೋಟಾರನ್ನು ಅಲ್ಲಿಯೇ ಕೊಳ್ಳಿ.

ಎಸೆದ ಟ್ರೆಡ್‌ಮಿಲ್ ಇನ್ನೊಂದು ಆಕರ. ಹೊಸ ವರ್ಷದ ಸಂಕಲ್ಪ ಮುರಿದವರ ಮನೆಯೆದುರು ಇವು ಧಾರಾಳವಾಗಿ ಸಿಗುತ್ತವೆ. ಇವುಗಳ ನೇರವಿದ್ಯುತ್ ಮೋಟಾರು ಮತ್ತು ವೇಗನಿಯಂತ್ರಕ ಲೇತಿಗೆ ಬಲು ಉಪಯುಕ್ತ. ಆದರೆ ಗಾಲಿಯನ್ನು ಸಾಮಾನ್ಯವಾಗಿ ಎಡತಿರುವಿನ ಮರೆಯಿಂದ ಕೂಡಿಸಿರುತ್ತಾರೆ. ಮೋಟಾರನ್ನು ವಿರುದ್ಧ ದಿಕ್ಕಿಗೆ ಓಡಿಸಿದರೆ ಅದು ಬಿಚ್ಚಿಕೊಂಡು ಹಾರಬಹುದು.

ಪೀಠೋಪಕರಣಗಳ ಮರದ ಬಗ್ಗೆ ಹೇಳುವುದಾದರೆ, ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಬೀರು, ಮಂಚ, ಮೇಜುಗಳನ್ನು ಹುಡುಕಿ. ಹಲವನ್ನು ಪ್ರಾಣಿಜನ್ಯ ಅಂಟಿನಿಂದ ಕೂಡಿಸಿರುತ್ತಾರೆ. ಬಿಸಿನೀರಿನ ಆವಿಗೆ ಅದು ಸಡಿಲಗೊಳ್ಳುವುದರಿಂದ ಹಲಗೆಗಳು ಒಡೆಯದೆ ಬಿಡಿಯಾಗುತ್ತವೆ. ಅದೃಷ್ಟವಿದ್ದರೆ ಅಮೆರಿಕನ್ ಚೆಸ್ಟ್‌ನಟ್ ಸಿಕ್ಕೀತು. 1904ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಲ್ಲಿ ಗುರುತಿಸಲಾದ ಶಿಲೀಂಧ್ರ ರೋಗ ಕೆಲವೇ ದಶಕಗಳಲ್ಲಿ ಈ ಮರದ ಕಾಡುಗಳನ್ನೇ ಅಳಿಸಿಹಾಕಿತು. ಈಗ ಅದು ಮುಖ್ಯವಾಗಿ ಹಳೆಯ ಕಟ್ಟಡ, ಪೀಠೋಪಕರಣಗಳಲ್ಲಿ ಉಳಿದಿದೆ. ಮುಚ್ಚಿದ ಬೌಲಿಂಗ್ ಅಂಕಣದ ಮೇಪಲ್ ಹಲಗೆ ಕೆಲಸದ ಮೇಜಿಗೆ ಅತ್ಯುತ್ತಮ, ಆದರೆ ಒಳಗೆ ಮೊಳೆಗಳ ಸಾಲೇ ಇರುತ್ತದೆ.

ಪಿಯಾನೋ ಪ್ರತ್ಯೇಕ ಎಚ್ಚರಿಕೆ ಬೇಡುತ್ತದೆ. ಒಯ್ಯುವವರಿಗೆ ಬಿಟ್ಟಿಯಾಗಿ ಕೊಡುವ ನಿಲುಪಿಯಾನೋಗಳಲ್ಲಿ ಒಳ್ಳೆಯ ಮೇಪಲ್, ಸ್ಪ್ರೂಸ್ ಮರವಿರುತ್ತದೆ. ಆದರೆ ಇನ್ನೂರಕ್ಕೂ ಹೆಚ್ಚಿನ ತಂತಿಗಳ ಒಟ್ಟು ಬಿಗಿತ ಹದಿನೈದು ಇಪ್ಪತ್ತು ಟನ್ನಿನಷ್ಟು. ಎಲ್ಲ ತಂತಿಗಳನ್ನೂ ಸ್ವಲ್ಪ ಸ್ವಲ್ಪವಾಗಿ ಸಮನಾಗಿ ಸಡಿಲಿಸದೆ ಕಬ್ಬಿಣದ ಚೌಕಟ್ಟಿಗೆ ಕೈಹಚ್ಚಲೇಬಾರದು. ಮನೆಗಳ ದಂತದ ಹೊದಿಕೆಯನ್ನು ಮಾರುವ ಯೋಚನೆಯೂ ಬೇಡ. 2014ರಿಂದ ನ್ಯೂಜೆರ್ಸಿ, ನ್ಯೂಯಾರ್ಕ್ ಎರಡರಲ್ಲೂ ದಂತದ ಮಾರಾಟದ ಮೇಲೆ ಕಠಿಣ ಕಾನೂನುಗಳಿವೆ.

ಇನ್ನು ವೈದ್ಯನ ಮಾತು. ಅಮೆರಿಕದಲ್ಲಿ ಮನೆಬಳಕೆಯ ಸೀಸದ ಬಣ್ಣ ನಿಷೇಧವಾದದ್ದು 1978ರಲ್ಲಿ. ಅದಕ್ಕೆ ಮುಂಚಿನ ಯಾವುದೇ ಬಣ್ಣದ ಪದರದಲ್ಲಿ, ಯಂತ್ರದ ಮೈಬಣ್ಣವೂ ಸೇರಿ, ಸೀಸವಿದೆ ಎಂದೇ ಭಾವಿಸಿ. ಒಣಗಿದ್ದಂತೆ ಉಜ್ಜಬೇಡಿ, ಬೆಂಕಿಯಿಂದ ಸುಡಬೇಡಿ. 1100 ಡಿಗ್ರಿ ಫ್ಯಾರನ್‌ಹೀಟ್ ಮೀರಿದರೆ ಸೀಸ ಆವಿಯಾಗಿ ಶ್ವಾಸಕ್ಕೆ ಸೇರುತ್ತದೆ. ಒದ್ದೆಮಾಡಿ ಕೆರೆಯಿರಿ, ಪಿ100 ಮುಖವಾಡ ಧರಿಸಿ, ಆ ಬಟ್ಟೆಯಲ್ಲಿ ಮೊಮ್ಮಗುವನ್ನು ಎತ್ತಿಕೊಳ್ಳಬೇಡಿ. ಮಕ್ಕಳ ರಕ್ತದಲ್ಲಿ ಡೆಸಿಲೀಟರಿಗೆ 3.5 ಮೈಕ್ರೋಗ್ರಾಂ ಸೀಸವಿದ್ದರೂ ವೈದ್ಯರು ಕ್ರಮ ಕೈಗೊಳ್ಳುವ ಮಟ್ಟ ಅದು. ಹಾಗೆಯೇ 2003ಕ್ಕೆ ಮುಂಚಿನ ಹಿತ್ತಿಲ ಡೆಕ್ಕಿನ ಹಸಿರುಛಾಯೆಯ ಮರದಲ್ಲಿ ಆರ್ಸೆನಿಕ್ ಇರುವ ಸಂಭವ ಹೆಚ್ಚು. ಅದನ್ನು ಕೊಯ್ಯುವುದೂ ಬೇಡ, ಒಲೆಗೆ ಹಾಕುವುದೂ ಬೇಡ.

ಮರದ ಧೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು. ಇಂಗ್ಲೆಂಡಿನ ಹೈ ವಿಕಂಬ್ ಸುತ್ತಿನ ಪೀಠೋಪಕರಣ ಕಾರ್ಮಿಕರಲ್ಲಿ ಮೂಗಿನ ಒಳಗಿನ ಅಪರೂಪದ ಕ್ಯಾನ್ಸರ್ ಹೆಚ್ಚಿರುವುದನ್ನು 1960ರ ದಶಕದಲ್ಲಿ ವೈದ್ಯರು ಗಮನಿಸಿದ್ದರು. ವಾರಾಂತ್ಯದ ಬಡಗಿಗೆ ಆ ಅಪಾಯ ಬಹಳ ಕಡಿಮೆ. ಅವನನ್ನು ಹೆಚ್ಚು ಕಾಡುವುದು ಅಸ್ತಮಾ ಮತ್ತು ಚರ್ಮದ ಅಲರ್ಜಿ. ಬೇಲಿಗೆ ಬಳಸುವ ಪಶ್ಚಿಮದ ಕೆಂಪು ಸೀಡರ್ ಅಸ್ತಮಾಕ್ಕೆ, ನಮ್ಮ ಬೀಟೆ ತುರಿಕೆಗೆ ಹೆಸರಾದವು. ನೆಲಮಾಳಿಗೆಯಲ್ಲಿ ಗ್ಯಾಸಿನ ಬಾಯ್ಲರ್ ಇದ್ದರೆ ಧೂಳು, ವಾರ್ನಿಷ್ ಆವಿ ಎರಡೂ ಅದರ ಬಳಿ ಸುಳಿಯಕೂಡದು. ಅಗಸೆ ಎಣ್ಣೆ ಒರೆಸಿದ ಬಟ್ಟೆ ಮುದ್ದೆಯಾಗಿ ಬಿದ್ದಲ್ಲಿ ತಾನಾಗಿ ಹೊತ್ತಿಕೊಳ್ಳುತ್ತದೆ. ಹೊರಗೆ ಹರವಿ ಒಣಗಿಸಿ.

ಹಳೆಯದರಲ್ಲಿ ನಾನು ಬೇಡವೆನ್ನುವ ಯಂತ್ರ ಮೇಜುಗರಗಸ ಒಂದೇ. ಈ ದೇಶದಲ್ಲಿ ವರ್ಷಕ್ಕೆ ಸುಮಾರು ಮೂವತ್ತು ಸಾವಿರ ಜನ ಮೇಜುಗರಗಸದ ಗಾಯದಿಂದ ತುರ್ತುಚಿಕಿತ್ಸೆಗೆ ಬರುತ್ತಾರೆಂಬ ಅಂದಾಜಿದೆ. ಅಲಗಿನ ಹಿಂದೆ ನಿಂತು, ಸೀಳಿದ ಮರ ಮತ್ತೆ ಮುಚ್ಚಿಕೊಳ್ಳದಂತೆ ತಡೆಯುವ ಸೀಳುಪಟ್ಟಿ ಹಳೆಯ ಮಾದರಿಗಳಲ್ಲಿ ಇರುವುದಿಲ್ಲ. ಆ ಒಂದಕ್ಕೆ ಹಣ ಕೊಟ್ಟು ಹೊಸದನ್ನೇ ತನ್ನಿ. ಯಾವ ಯಂತ್ರದಿಂದಲೇ ಆಗಲಿ ಬೆರಳು ತುಂಡಾದರೆ ಗಾಯವನ್ನು ಒತ್ತಿಹಿಡಿದು ಕೈಯನ್ನು ಮೇಲೆತ್ತಿ 911ಕ್ಕೆ ಕರೆಮಾಡಿ. ತುಂಡನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ, ಆ ಚೀಲವನ್ನು ಮಂಜುಗಡ್ಡೆ ಬೆರೆತ ನೀರಿನಲ್ಲಿಡಿ. ಬೆರಳಿಗೆ ಮಂಜುಗಡ್ಡೆ ನೇರವಾಗಿ ತಾಗಬಾರದು. ಹೆಪ್ಪುಗಟ್ಟಿದ ಬೆರಳನ್ನು ಮತ್ತೆ ಕೂಡಿಸಲಾಗುವುದಿಲ್ಲ.