ವಿವರಣೆ | ಸಾಕ್ಷ್ಯ ಮುಚ್ಚಿಟ್ಟ ಪ್ರಾಸಿಕ್ಯೂಟರ್ ಜೈಲಿಗೆ ಹೋಗ್ತಾರಾ?

ಟೆಕ್ಸಾಸ್‌ನ ಮೈಕಲ್ ಮಾರ್ಟನ್ ತಾನು ಮಾಡದ ಕೊಲೆಗೆ ಸುಮಾರು 25 ವರ್ಷ ಜೈಲಿನಲ್ಲಿದ್ದರು. ಅವರನ್ನು ಅಲ್ಲಿಗೆ ಕಳಿಸಿದ ಪ್ರಾಸಿಕ್ಯೂಟರ್ ಕೆನ್ ಆಂಡರ್ಸನ್‌ಗೆ ಸಿಕ್ಕ ಶಿಕ್ಷೆ 10 ದಿನ. ಅದರಲ್ಲೂ ಸನ್ನಡತೆ ಲೆಕ್ಕ ಹಾಕಿ ಐದೇ ದಿನಕ್ಕೆ ಬಿಟ್ಟರು. ಓದಿದರೆ ಸಿಟ್ಟು ಬರುತ್ತೆ, ನಿಜ. ಆದರೆ 2013ರಲ್ಲಿ ಅಮೆರಿಕದ ಕಾನೂನು ವಲಯಕ್ಕೆ ಇದು ದೊಡ್ಡ ಸುದ್ದಿಯಾಗಿದ್ದು ಬೇರೆ ಕಾರಣಕ್ಕೆ. ಪ್ರಾಸಿಕ್ಯೂಟರ್ ಒಬ್ಬರು ಜೈಲಿಗೆ ಹೋಗೋದೇ ಅಷ್ಟು ಅಪರೂಪ.

ಏನಾಗಿತ್ತು?

1986ರ ಆಗಸ್ಟ್‌ನಲ್ಲಿ ಮಾರ್ಟನ್ ಅವರ ಪತ್ನಿಯ ಕೊಲೆಯಾಯ್ತು. ಮರುವರ್ಷವೇ ಗಂಡನಿಗೆ ಜೀವಾವಧಿ ಶಿಕ್ಷೆ. ಆಂಡರ್ಸನ್ ಆಗ ವಿಲಿಯಮ್ಸನ್ ಕೌಂಟಿಯ ಡಿಸ್ಟ್ರಿಕ್ಟ್ ಅಟಾರ್ನಿ, ಅಂದರೆ ಆ ಕೌಂಟಿಯ ಮುಖ್ಯ ಪ್ರಾಸಿಕ್ಯೂಟರ್. ತನಿಖೆಯ ಕಡತದಲ್ಲಿ ಆರೋಪಿ ಪರ ವಕೀಲರ ಕೈಗೆ ಸಿಗದ ಕೆಲವು ಹಾಳೆಗಳಿದ್ದವು. ಕೊಲೆಯನ್ನು ಕಣ್ಣಾರೆ ಕಂಡಿದ್ದ ಮೂರು ವರ್ಷದ ಮಗ ಅಜ್ಜಿಯ ಹತ್ತಿರ, ಅಮ್ಮನನ್ನು ಹೊಡೆದದ್ದು ಒಬ್ಬ 'ರಾಕ್ಷಸ', ಆಗ ಅಪ್ಪ ಮನೆಯಲ್ಲಿ ಇರಲಿಲ್ಲ ಅಂತ ಹೇಳಿದ್ದ. ಅಜ್ಜಿ ಅದನ್ನು ಪೊಲೀಸರಿಗೆ ಫೋನಿನಲ್ಲಿ ಹೇಳಿದ್ದರು, ಆ ಮಾತುಕತೆಯ ಬರಹರೂಪವೂ ಇತ್ತು. ಮನೆ ಸುತ್ತ ಹಸಿರು ವ್ಯಾನಿನಲ್ಲಿ ಸುಳಿದಾಡಿದ ಅಪರಿಚಿತನ ಬಗ್ಗೆ ನೆರೆಯವರು ಕೊಟ್ಟ ಹೇಳಿಕೆಯೂ ಇತ್ತು.

ಮನೆ ಹತ್ತಿರ ಸಿಕ್ಕ ರಕ್ತದ ಕಲೆಯ ಕರವಸ್ತ್ರವೊಂದರ ಡಿಎನ್‌ಎ ಪರೀಕ್ಷೆ ಮಾಡಿ ಅಂತ ಮಾರ್ಟನ್ ಪರ ವಕೀಲರು ಕೇಳಿದಾಗ, ಆಂಡರ್ಸನ್ ನಂತರ ಬಂದ ಡಿಸ್ಟ್ರಿಕ್ಟ್ ಅಟಾರ್ನಿ ವರ್ಷಗಟ್ಟಲೆ ವಿರೋಧಿಸಿದರು. 2011ರಲ್ಲಿ ಪರೀಕ್ಷೆ ಆದಾಗ ಅದರಲ್ಲಿ ಬೇರೊಬ್ಬನ ಡಿಎನ್‌ಎ ಸಿಕ್ಕಿತು. ಮಾರ್ಟನ್ ಜೈಲಲ್ಲಿದ್ದಾಗಲೇ, 1988ರಲ್ಲಿ, ಅದೇ ವ್ಯಕ್ತಿ ಇನ್ನೊಬ್ಬ ಮಹಿಳೆಯನ್ನು ಕೊಂದಿದ್ದ. ಕಡತ ಮುಚ್ಚಿಟ್ಟದ್ದರ ಬೆಲೆ ತೆತ್ತದ್ದು ಮಾರ್ಟನ್ ಒಬ್ಬರೇ ಅಲ್ಲ.

ಅಷ್ಟರಲ್ಲಿ ಆಂಡರ್ಸನ್ ನ್ಯಾಯಾಧೀಶರಾಗಿದ್ದರು! 2013ರಲ್ಲಿ ವಿಶೇಷ ವಿಚಾರಣೆ ನಡೆದು ಸಾಕ್ಷ್ಯ ತಿರುಚಿದ ಆರೋಪಗಳೂ ಬಂದವು. ಕೊನೆಗೆ ಒಪ್ಪಂದವಾಗಿ ಅವು ಬಿದ್ದುಹೋದವು. ಉಳಿದದ್ದು ನ್ಯಾಯಾಂಗ ನಿಂದನೆ: 10 ದಿನ ಜೈಲು, 500 ಡಾಲರ್ ದಂಡ, 500 ಗಂಟೆ ಸಮುದಾಯ ಸೇವೆ, ಜೊತೆಗೆ ವಕೀಲಿಕೆ ಸನದು ವಾಪಸ್.

ಕಾನೂನು ಇರಲಿಲ್ವಾ?

ಇತ್ತು. ಆರೋಪಿಗೆ ಅನುಕೂಲವಾಗುವ ಮುಖ್ಯ ಸಾಕ್ಷ್ಯವನ್ನು ಪ್ರಾಸಿಕ್ಯೂಷನ್ ಕೊಡಲೇಬೇಕು ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1963ರಲ್ಲೇ ಬ್ರೇಡಿ ಪ್ರಕರಣದಲ್ಲಿ ಹೇಳಿತ್ತು. ಆದರೆ ಕೊಡದಿದ್ದರೆ ಆಗೋದೇನು? ಹೆಚ್ಚೆಂದರೆ ತೀರ್ಪು ರದ್ದಾಗುತ್ತೆ. ಪ್ರಾಸಿಕ್ಯೂಟರ್ ಮೇಲೆ ಪರಿಹಾರದ ಕೇಸು ಹಾಕೋಣ ಅಂದರೆ 1976ರ ಇಂಬ್ಲರ್ ತೀರ್ಪು ಅಡ್ಡ ಬರುತ್ತೆ: ನ್ಯಾಯಾಲಯದಲ್ಲಿ ಕೇಸು ನಡೆಸುವ ಕೆಲಸಕ್ಕೆ ಅವರಿಗೆ ಪೂರ್ತಿ ರಕ್ಷಣೆ. ಕ್ರಿಮಿನಲ್ ಕಾನೂನಿನಿಂದ ಈ ರಕ್ಷಣೆ ಇಲ್ಲ, ಅದೇ ಸಾಕು ಅಂತ ಕೋರ್ಟ್ ಸಮಾಧಾನ ಹೇಳಿತು. ಕಾಗದದ ಮೇಲೆ ಸರಿ. ಆದರೆ ಪ್ರಾಸಿಕ್ಯೂಟರ್ ಮೇಲೆ ಕ್ರಿಮಿನಲ್ ಕೇಸು ಹಾಕಬೇಕಾದವರು ಯಾರು? ಇನ್ನೊಬ್ಬ ಪ್ರಾಸಿಕ್ಯೂಟರ್.

ಕಚೇರಿಯ ಮೇಲಾದರೂ ಹೊಣೆ ಹೊರಿಸಬಹುದಾ? ನ್ಯೂ ಆರ್ಲಿಯನ್ಸ್‌ನ ಜಾನ್ ಥಾಂಪ್ಸನ್ 14 ವರ್ಷ ಮರಣದಂಡನೆಯ ನೆರಳಲ್ಲಿದ್ದರು. ಅವರಿಗೆ ಅನುಕೂಲವಾಗಿದ್ದ ರಕ್ತ ಪರೀಕ್ಷೆಯ ವರದಿಯನ್ನು ಪ್ರಾಸಿಕ್ಯೂಟರ್‌ಗಳು ಬಚ್ಚಿಟ್ಟಿದ್ದರು. ಜ್ಯೂರಿ ಕೊಟ್ಟ 1.4 ಕೋಟಿ ಡಾಲರ್ ಪರಿಹಾರವನ್ನು 2011ರಲ್ಲಿ ಸುಪ್ರೀಂ ಕೋರ್ಟ್ 5-4 ಬಹುಮತದಲ್ಲಿ ರದ್ದು ಮಾಡಿತು.

ಈ ಗೋಡೆಯಲ್ಲಿ ನೇರವಾಗಿ ಬಾಗಿಲು ಕೊರೆದದ್ದು ಕ್ಯಾಲಿಫೋರ್ನಿಯಾ. ದುರುದ್ದೇಶದಿಂದ, ಬೇಕಂತಲೇ ಆರೋಪಿಗೆ ಅನುಕೂಲವಾದ ಮುಖ್ಯ ಸಾಕ್ಷ್ಯವನ್ನು ಮುಚ್ಚಿಡುವ ಇಲ್ಲವೇ ತಿರುಚುವ ಪ್ರಾಸಿಕ್ಯೂಟರ್‌ಗೆ 3 ವರ್ಷದವರೆಗೆ ಜೈಲು ಅಂತ 2016ರಲ್ಲಿ ಕಾನೂನು ಮಾಡಿತು. ಸಮಸ್ಯೆ ಇರೋದು 'ಬೇಕಂತಲೇ' ಅನ್ನೋ ಪದದಲ್ಲಿ. ಮರೆತೆ, ಮುಖ್ಯ ಅನ್ನಿಸಲಿಲ್ಲ ಅಂದುಬಿಟ್ಟರೆ ಅದು ಸುಳ್ಳು ಅಂತ ಸಾಬೀತು ಮಾಡೋದು ಕಷ್ಟ. ನನ್ನ ಪ್ರಕಾರ ಟೆಕ್ಸಾಸ್ ಹಿಡಿದ ದಾರಿ ಹೆಚ್ಚು ಕೆಲಸಕ್ಕೆ ಬರುವಂಥದ್ದು. ಅಲ್ಲಿ 2014ರ ಜನವರಿಯಿಂದ ಜಾರಿಯಲ್ಲಿರುವ ಮೈಕಲ್ ಮಾರ್ಟನ್ ಕಾಯ್ದೆಯಂತೆ ಪ್ರಾಸಿಕ್ಯೂಟರ್ ಕಡತವನ್ನೇ ತೆರೆದು ತೋರಿಸಬೇಕು. ಕೊಟ್ಟದ್ದೇನು ಅನ್ನೋದಕ್ಕೆ ದಾಖಲೆಯೂ ಇರಬೇಕು.

ನಮ್ಮಲ್ಲಿ?

ಇಲ್ಲಿ ತನಿಖೆ, ಚಾರ್ಜ್‌ಶೀಟ್ ಎರಡೂ ಪೊಲೀಸರದ್ದು. ಪಬ್ಲಿಕ್ ಪ್ರಾಸಿಕ್ಯೂಟರ್ ಕೆಲಸ ಶುರುವಾಗೋದು ಬಹುತೇಕ ಕೋರ್ಟಿನಲ್ಲಿ. ಹಾಗಾಗಿ ತಪ್ಪಾದಾಗ ಪೊಲೀಸರು ಪ್ರಾಸಿಕ್ಯೂಟರ್ ಕಡೆ, ಪ್ರಾಸಿಕ್ಯೂಟರ್ ಪೊಲೀಸರ ಕಡೆ ಬೆರಳು ತೋರಿಸೋದು ಸುಲಭ. ಚಾರ್ಜ್‌ಶೀಟ್‌ಗೆ ಸೇರಿಸದ ದಾಖಲೆಗಳ ಪಟ್ಟಿಯನ್ನೂ ಆರೋಪಿಗೆ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ.

ಶಿಕ್ಷೆಯ ಮಾತಿಗೆ ಬಂದರೆ, ಭಾರತೀಯ ನ್ಯಾಯ ಸಂಹಿತೆಯಲ್ಲಿ ಹತ್ತಿರದ ಸೆಕ್ಷನ್‌ಗಳಿವೆ. ನ್ಯಾಯಾಂಗ ಪ್ರಕ್ರಿಯೆಯಲ್ಲಿ ಕಾನೂನಿಗೆ ವಿರುದ್ಧ ಅಂತ ಗೊತ್ತಿದ್ದೂ ಭ್ರಷ್ಟವಾಗಿ ವರದಿ, ಆದೇಶ ಕೊಡುವ ಸಾರ್ವಜನಿಕ ಸೇವಕರಿಗೆ 257ರಲ್ಲಿ 7 ವರ್ಷದವರೆಗೆ ಜೈಲು. ಯಾರನ್ನಾದರೂ ಶಿಕ್ಷೆಯಿಂದ ಉಳಿಸಲು ಕಾನೂನಿನ ನಿರ್ದೇಶನ ಮೀರಿದರೆ 255ರಲ್ಲಿ 2 ವರ್ಷದವರೆಗೆ. ಆದರೆ ಪ್ರಾಸಿಕ್ಯೂಟರ್ ಅಂತ ಹೆಸರಿಸಿ ಯಾವುದೂ ಹೇಳಲ್ಲ.

ನಮ್ಮಲ್ಲಿ ಈ ಎರಡನೇ ಬಗೆಯ ತಪ್ಪಿನ ಬಗ್ಗೆಯೇ ಹೆಚ್ಚು ಯೋಚಿಸಬೇಕು. ಬಲಾಢ್ಯರ ಕೇಸನ್ನು ಬೇಕಂತಲೇ ಸಡಿಲ ಬಿಡುವುದು. 2015ರಲ್ಲಿ ಮಾಲೆಗಾಂವ್ ಸ್ಫೋಟ ಪ್ರಕರಣದ ವಿಶೇಷ ಪ್ರಾಸಿಕ್ಯೂಟರ್ ರೋಹಿಣಿ ಸಾಲಿಯಾನ್, ಆರೋಪಿಗಳ ಬಗ್ಗೆ ಮೃದುವಾಗಿರಿ ಅಂತ ಎನ್‌ಐಎ ಅಧಿಕಾರಿಯೊಬ್ಬರು ತನಗೆ ಹೇಳಿದರು ಎಂದು ಬಹಿರಂಗವಾಗಿ ಆರೋಪಿಸಿದರು. ಎನ್‌ಐಎ ನಿರಾಕರಿಸಿತು. ಒತ್ತಡ ಹೇರುವವರು ಯಾರೇ ಇರಲಿ, ಪ್ರಾಸಿಕ್ಯೂಟರ್‌ಗಳನ್ನು ನೇಮಿಸೋದು ಸರ್ಕಾರ. ಸರ್ಕಾರವೇ ತೆಗೆಯಬಹುದಾದ ಅಧಿಕಾರಿಯ ಮೇಲೆ ಕರ್ತವ್ಯದ ವಿಚಾರಕ್ಕೆ ಕೇಸು ನಡೆಸಬೇಕು ಅಂದರೆ ಅದೇ ಸರ್ಕಾರದ ಪೂರ್ವಾನುಮತಿ ಬೇಕು. ಹೊಸ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 218ರಲ್ಲಿ ಒಂದು ಸಣ್ಣ ಬದಲಾವಣೆ ಇದೆ: 120 ದಿನದೊಳಗೆ ಸರ್ಕಾರ ತೀರ್ಮಾನ ಹೇಳದಿದ್ದರೆ, ಅನುಮತಿ ಸಿಕ್ಕಿದೆ ಅಂತಲೇ ಲೆಕ್ಕ.