ಮಗು ತೂಕ ಎಷ್ಟು?

ಹೋದ ತಿಂಗಳು ಒಂದು ರಾತ್ರಿ ಅಕ್ಕನ ಮಗಳಿಗೆ ಜ್ವರ ಜಾಸ್ತಿಯಾಗಿ ಫಿಟ್ಸ್ ಶುರುವಾಯ್ತು. ಮೂರು ವರ್ಷದ ಕೂಸು. ಎತ್ತಿಕೊಂಡು ಆಟೋದಲ್ಲಿ ಆಸ್ಪತ್ರೆಗೆ ಓಡಿದೆವು. ತುರ್ತು ಚಿಕಿತ್ಸಾ ವಿಭಾಗದಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ: "ಮಗು ತೂಕ ಎಷ್ಟಮ್ಮ?" ಅಕ್ಕನಿಗೆ ಅಳುವಿನಲ್ಲಿ ಮಾತೇ ಹೊರಡಲಿಲ್ಲ. ಭಾವ ಮೊದಲು ಹನ್ನೆರಡು ಅಂದರು, ಆಮೇಲೆ ಹದಿನಾಲ್ಕು ಇರಬಹುದು ಅಂದರು.

ಪುಟ್ಟಿ ಈಗ ಆರಾಮಾಗಿದ್ದಾಳೆ, ಗಾಬರಿಯಾಗಬೇಡಿ. ಆದರೆ ಆ ಪ್ರಶ್ನೆ ಮಾತ್ರ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅಂಥ ಹೊತ್ತಿನಲ್ಲಿ ತೂಕ ಯಾಕೆ? ಓದುತ್ತಾ ಹೋದಾಗ ಸಿಕ್ಕಿದ್ದು ಒಂದು ಅಳತೆ ಟೇಪಿನ ಕಥೆ.

ದೊಡ್ಡವರ ಹೃದಯ ನಿಂತರೆ ಒಂದು ಸಲಕ್ಕೆ ಕೊಡುವ ಅಡ್ರಿನಲಿನ್ 1 ಮಿಲಿಗ್ರಾಂ. ಆಸಾಮಿ ಐವತ್ತು ಕೆ.ಜಿ. ಇರಲಿ, ತೊಂಬತ್ತು ಇರಲಿ, ಅಷ್ಟೇ. ಮಕ್ಕಳಿಗೆ ಹಾಗಲ್ಲ, ಕೆ.ಜಿ.ಗೆ 0.01 ಮಿಲಿಗ್ರಾಂ. ಹೃದಯಕ್ಕೆ ಕೊಡುವ ಮೊದಲ ಶಾಕ್ ಕೆ.ಜಿ.ಗೆ 2 ಜೂಲ್. ಉಸಿರಿಗಾಗಿ ಗಂಟಲಲ್ಲಿ ಇಳಿಸುವ ಕೊಳವೆಯ ಅಳತೆಯೂ ಮಗುವಿನಿಂದ ಮಗುವಿಗೆ ಬೇರೆ. ದಶಾಂಶದ ಚುಕ್ಕಿ ಒಂದು ಮನೆ ಆಚೀಚೆ ಆದರೆ ಮದ್ದು ಹತ್ತು ಪಟ್ಟು ಹೆಚ್ಚು, ಇಲ್ಲವೇ ಹತ್ತನೇ ಒಂದು ಭಾಗ.

ಹಾಗಂತ ಉಸಿರು ನಿಂತ ಮಗುವನ್ನು ತಕ್ಕಡಿಯಲ್ಲಿ ಕೂರಿಸೋಕೆ ಆಗುತ್ತಾ? ಅದಕ್ಕೇ ಡಾಕ್ಟರುಗಳು ಕಣ್ಣಂದಾಜು ಮಾಡುತ್ತಿದ್ದರು, ಇಲ್ಲವೇ ಸೂತ್ರ ಬಳಸುತ್ತಿದ್ದರು: ವಯಸ್ಸಿಗೆ 4 ಕೂಡಿಸಿ 2ರಿಂದ ಗುಣಿಸು. ಆಮೇಲೆ ಆ ಉತ್ತರದಿಂದ ಒಂದೊಂದು ಮದ್ದಿಗೂ ಮತ್ತೆ ಗುಣಾಕಾರ. ಪಕ್ಕದಲ್ಲಿ ತಾಯಿ ಕಿರುಚುತ್ತಿರುವಾಗ! ನಾನಂತೂ ಇಂಟರ್‌ವ್ಯೂನಲ್ಲೇ ಕೂಡೋದು ಕಳೆಯೋದು ಮರೆಯುವವನು.

ಅಮೆರಿಕದ ಉತ್ತರ ಕೆರೊಲಿನಾದ ಜೇಮ್ಸ್ ಬ್ರೋಸೆಲೋ ಮೊದಲು ಕುಟುಂಬ ವೈದ್ಯರಾಗಿದ್ದವರು, ಆಮೇಲೆ ತುರ್ತು ಚಿಕಿತ್ಸೆಗೆ ಬಂದವರು. ಅವರಿಗೆ ಹೊಳೆದದ್ದು ಬಹಳ ಸರಳವಾದ ಮಾತು. ತೂಕ ನೋಡೋಕೆ ಆಗದಿದ್ದರೇನು, ಮಗು ಮಲಗಿಯೇ ಇದೆಯಲ್ಲ, ಉದ್ದ ಅಳೆಯಬಹುದಲ್ಲ! 1985ರ ಹೊತ್ತಿಗೆ ಅವರು ಕೈಯಲ್ಲೇ ಒಂದು ಟೇಪು ಮಾಡಿಕೊಂಡರು. ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ ಮಕ್ಕಳ ತುರ್ತು ಚಿಕಿತ್ಸೆಯ ತಜ್ಞರಾಗಿದ್ದ ರಾಬರ್ಟ್ ಲೂಟೆನ್ ಜೊತೆಯಾದರು. ಉದ್ದಕ್ಕೆ ತಕ್ಕ ತೂಕವನ್ನು ಅಮೆರಿಕದ ಮಕ್ಕಳ ರಾಷ್ಟ್ರೀಯ ಅಂಕಿಅಂಶಗಳಿಂದ ತೆಗೆದುಕೊಂಡರು. 1988ರಲ್ಲಿ ಅದರ ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. 25 ಕೆ.ಜಿ.ವರೆಗಿನ ಮಕ್ಕಳಲ್ಲಿ ಅದರ ಅಂದಾಜು ಚೆನ್ನಾಗಿಯೇ ಇತ್ತು.

ಬಳಸೋದು ಹೀಗೆ. ಟೇಪಿನ ಕೆಂಪು ತುದಿ ಮಗುವಿನ ನೆತ್ತಿಗೆ. ಹಿಮ್ಮಡಿ ಎಲ್ಲಿಗೆ ಬರುತ್ತೋ ಅಲ್ಲಿನ ಬಣ್ಣ ನೋಡಬೇಕು. 10-11 ಕೆ.ಜಿ.ಗೆ ನೇರಳೆ, 12-14ಕ್ಕೆ ಹಳದಿ, 30-36ಕ್ಕೆ ಹಸಿರು. ಆ ಬಣ್ಣದ ಮನೆಯಲ್ಲೇ ಅಡ್ರಿನಲಿನ್ ಎಷ್ಟು, ಶಾಕ್ ಎಷ್ಟು, ಕೊಳವೆ ಯಾವುದು ಅಂತ ಬರೆದಿರುತ್ತೆ. ಎಷ್ಟೋ ಕಡೆ ಸಾಮಾನಿನ ಗಾಡಿಯ ಡ್ರಾಯರುಗಳಿಗೂ ಅದೇ ಬಣ್ಣ.

ನಮ್ಮ ಕಸುಬಿನ ಭಾಷೆಯಲ್ಲಿ ಇದು ಲುಕಪ್ ಟೇಬಲ್, ಅಷ್ಟೇ. ಪ್ರೋಗ್ರಾಂ ಓಡುವಾಗ ಲೆಕ್ಕ ಹಾಕೋಕೆ ಪುರುಸೊತ್ತಿಲ್ಲ ಅಂದರೆ ಮೊದಲೇ ಹಾಕಿ ಇಟ್ಟುಕೊಳ್ಳೋದು. ಬ್ರೋಸೆಲೋ ಹೊಸ ಮದ್ದೇನೂ ಕಂಡುಹಿಡಿಯಲಿಲ್ಲ. ಕೈ ನಡುಗುವ ಹೊತ್ತಿನ ಲೆಕ್ಕವನ್ನು ಕೈ ನಡುಗದ ಹೊತ್ತಿಗೆ ಎತ್ತಿಟ್ಟರು.

ಆದರೆ ಟೇಬಲ್ ಎಷ್ಟು ಸರಿ ಅನ್ನೋದು ಅದಕ್ಕೆ ಹಾಕಿದ ಡೇಟಾ ಯಾರದ್ದು ಅನ್ನೋದರ ಮೇಲೆ ನಿಂತಿದೆ. ಭಾರತದ ಮಕ್ಕಳನ್ನು ಅಳೆದು ನೋಡಿದ ಅಧ್ಯಯನವೊಂದು 2008ರಲ್ಲಿ ಬಂತು. 10 ಕೆ.ಜಿ. ದಾಟಿದ ನಮ್ಮ ಮಕ್ಕಳ ತೂಕವನ್ನು ಟೇಪು ಶೇ. 10ಕ್ಕೂ ಮೀರಿ ಹೆಚ್ಚಾಗಿ ತೋರಿಸುತ್ತಿತ್ತು. ನಮ್ಮ ಮಕ್ಕಳು ಅಷ್ಟೇ ಉದ್ದಕ್ಕೆ ಸಣಕಲು. ಅಮೆರಿಕದಲ್ಲಿ ಇದರ ಉಲ್ಟಾ ತೊಂದರೆ: ಮಕ್ಕಳಲ್ಲಿ ಬೊಜ್ಜು ಹೆಚ್ಚಿ, ಟೇಪು ಕಡಿಮೆ ತೂಕ ಹೇಳತೊಡಗಿತು. 2013ರಲ್ಲಿ ದಕ್ಷಿಣ ಆಫ್ರಿಕಾದಿಂದ ಪಾಪರ್ ಅನ್ನೋ ಟೇಪು ಬಂತು. ಅದರಲ್ಲಿ ಉದ್ದದ ಜೊತೆಗೆ ಮಗು ಸಣಕಲೋ ದಪ್ಪವೋ ಅಂತಲೂ ನೋಡುತ್ತಾರೆ. ಅಂದರೆ ಟೇಬಲ್‌ಗೆ ಇನ್ನೊಂದು ಕಾಲಂ!

ಇಷ್ಟೆಲ್ಲ ಓದಿದ ಮೇಲೆ ಪುಟ್ಟಿಯನ್ನು ತಕ್ಕಡಿ ಹತ್ತಿಸಿದೆ. ಸರಿಯಾಗಿ 12 ಕೆ.ಜಿ. ಆ ಹಳೇ ಸೂತ್ರ ಹಾಕಿದರೆ ಮೂರು ವರ್ಷಕ್ಕೆ 14 ಬರುತ್ತೆ, ಅಂದರೆ ಆರನೇ ಒಂದು ಭಾಗ ಹೆಚ್ಚು. ಭಾವ ಹೇಳಿದ್ದ ಎರಡು ಅಂಕಿಗಳಲ್ಲಿ ಮೊದಲನೆಯದೇ ಸರಿ. ಈಗ ಅಕ್ಕನ ಮನೆ ಫ್ರಿಜ್ ಬಾಗಿಲಿನ ಮೇಲೆ ಒಂದು ಚೀಟಿ ಇದೆ: ಪುಟ್ಟಿಯ ತೂಕ, ಅಳೆದ ತಾರೀಖು. ತಿಂಗಳಿಗೊಮ್ಮೆ ಬದಲಾಯಿಸೋದು ಮಾವನ ಕೆಲಸವಂತೆ.

ನಿಮ್ಮ ಮನೆಯಲ್ಲಿ ಮಕ್ಕಳಿದ್ದರೆ ಇವತ್ತೇ ಒಮ್ಮೆ ತೂಕ ನೋಡಿ ಬರೆದಿಡಿ. ಆ ಪ್ರಶ್ನೆ ನಿಮಗೆ ಯಾವತ್ತೂ ಎದುರಾಗದಿರಲಿ. ಎದುರಾದರೆ ಉತ್ತರ ಗೊತ್ತಿರಲಿ.