ಕತ್ತಿಯ ಮಾರ್ಕು, ಉಕ್ಕಿನ ಸತ್ವ



ಬಾಬಾಬುಡನ್‌ಗಿರಿಯ ಹೆಸರು ಕೇಳಿದೊಡನೆ ನಿಮಗೆ ನೆನಪಾಗುವುದು ಯೆಮನ್‌ನಿಂದ ಬಂದವೆಂದು ಪರಂಪರೆ ಹೇಳುವ ಏಳು ಕಾಫಿ ಬೀಜಗಳು. ಆ ಬೀಜಗಳ ಬಗ್ಗೆ ಬರೆದವರು ಬಹಳ ಮಂದಿ. ಆದರೆ ಬೀಜ ತೋಟವಾಗಬೇಕಾದರೆ ಕಾಡು ಸವರಲು ಕತ್ತಿ, ಗುಂಡಿ ತೆಗೆಯಲು ಗುದ್ದಲಿ, ಕಲ್ಲು ಮೀಟಲು ಹಾರೆ, ಮರಗಸಿಗೆ ಕೊಡಲಿ ಬೇಕಾದವು. ಈ ಹತ್ಯಾರುಗಳ ಚರಿತ್ರೆಯನ್ನು ಕೇಳುವವರು ಕಡಿಮೆ.

ಕೇಳಬೇಕಾದ ಕಾರಣವಿದೆ. ಗುತ್ತಿಗೆಗೆ ಗುಂಡಿ ತೆಗೆಯುವವನ ಕೂಲಿ ಗುಂಡಿಯ ಲೆಕ್ಕದಲ್ಲಿ. ಬಾಯಿ ಮಡಚುವ ಗುದ್ದಲಿ ಅವನ ಅಂದಿನ ಸಂಪಾದನೆಯನ್ನೇ ತಿನ್ನುತ್ತದೆ. ಅತಿ ಗಡುಸಾದ ಕತ್ತಿ ಕಲ್ಲಿಗೆ ತಾಗಿ ಚೂರು ಹಾರಿದರೆ ಕಣ್ಣಿಗೇ ಸಂಚಕಾರ. ಹಾಗಾಗಿ ‘ಯಾವ ಮಾರ್ಕು ಒಳ್ಳೆಯದು?’ ಎಂಬುದು ಅಂಗಡಿಕಟ್ಟೆಯ ಹರಟೆಯಷ್ಟೇ ಅಲ್ಲ.

ಈ ಪ್ರಶ್ನೆಯನ್ನು ಕ್ರಮವಾಗಿ ವಿಚಾರಿಸಿದ ಹಳೆಯ ಪಂಡಿತರಲ್ಲಿ ಒಬ್ಬರು ಬಾಗ್ದಾದಿನ ತತ್ವಜ್ಞಾನಿ ಅಲ್-ಕಿಂದಿ. 833ರಿಂದ 842ರವರೆಗೆ ಆಳಿದ ಖಲೀಫ ಅಲ್-ಮುತಸಿಮ್ ಅವರಿಗಾಗಿ ಅವರು ಖಡ್ಗಗಳ ಕುರಿತು ಒಂದು ಪ್ರಬಂಧ ಬರೆದರು. ಕಬ್ಬಿಣವನ್ನು ಗಡುಸು, ಮೆದು ಎಂದು ವಿಂಗಡಿಸಿ, ಮನುಷ್ಯರು ತಯಾರಿಸುವ ‘ಫೂಲಾದ್’ ಅಂದರೆ ಉಕ್ಕನ್ನು ಬೇರೆಯಾಗಿಟ್ಟರು. ಯೆಮನಿ, ಹಿಂದಿ, ಸರಂದೀಬಿ ಎಂದು ಖಡ್ಗಗಳಿಗೆ ಊರಿನ ಹೆಸರುಗಳಿದ್ದವು. ಅವೇ ಅಂದಿನ ಬ್ರಾಂಡುಗಳು. ಆದರೆ ಅಲ್-ಕಿಂದಿ ಹೆಸರನ್ನು ನಂಬಿ ಸುಮ್ಮನಾಗಲಿಲ್ಲ; ಅಲಗಿನ ಮೇಲಿನ ನೀರಲೆಯಂತಹ ಗೆರೆ, ಬಣ್ಣ, ಆಕಾರ ನೋಡಿ ಗುರುತಿಸುವ ಬಗೆಯನ್ನು ವಿವರಿಸಿದರು.

ಆ ‘ಹಿಂದಿ’ ಉಕ್ಕಿನ ಕೀರ್ತಿಯಲ್ಲಿ ದಕ್ಷಿಣ ಭಾರತಕ್ಕೆ ದೊಡ್ಡ ಪಾಲಿದೆ. ಯುರೋಪಿನವರು ಅದನ್ನು ‘ವೂಟ್ಸ್’ ಎಂದು ಕರೆದರು. ನಮ್ಮ ‘ಉಕ್ಕು’ ಶಬ್ದವೇ ಹಾಗೆ ಮಾರ್ಪಟ್ಟಿತೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಮೈಸೂರು ಸೀಮೆಯಲ್ಲಿ ಕಬ್ಬಿಣದ ತುಂಡನ್ನು ತಂಗಡಿ ಕಡ್ಡಿ, ಹಸಿ ಎಲೆಗಳೊಂದಿಗೆ ಮಣ್ಣಿನ ಮೂಸೆಯಲ್ಲಿ ಮುಚ್ಚಿ ಕಾಯಿಸುತ್ತಿದ್ದರು. ಕಡ್ಡಿ ಎಲೆಗಳ ಇಂಗಾಲ ಕಬ್ಬಿಣಕ್ಕೆ ಸೇರಿ ಉಕ್ಕಾಗುತ್ತಿತ್ತು. 1800–01ರಲ್ಲಿ ಇಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಇಂತಹ ಕುಲುಮೆಗಳನ್ನು ದಾಖಲಿಸಿದ್ದಾನೆ. ಲಂಡನ್ನಿನಲ್ಲಿ ಮೈಕೇಲ್ ಫ್ಯಾರಡೆಯಂತಹ ವಿಜ್ಞಾನಿ ಚಾಕು ತಯಾರಕ ಜೇಮ್ಸ್ ಸ್ಟೋಡಾರ್ಟ್ ಜೊತೆ 1820ರ ಸುಮಾರಿಗೆ ಈ ಉಕ್ಕನ್ನು ಪರೀಕ್ಷಿಸಿ, ಗುಣದ ಗುಟ್ಟನ್ನು ಅಲ್ಯೂಮಿನದಂತಹ ಬೇರೆ ಧಾತುಗಳಲ್ಲಿ ಹುಡುಕಿದ್ದು ನೋಡಿದರೆ ನಗು ಬರುತ್ತದೆ. ಗುಟ್ಟು ಇದ್ದದ್ದು ಬಹುಪಾಲು ಇಂಗಾಲದಲ್ಲಿ, ಮತ್ತು ಕಾಯಿಸುವ ಹದದಲ್ಲಿ. ಅತಿಯಾಗಿ ಕಾಯಿಸಿ ಬಡಿದರೆ ಇದೇ ಉಕ್ಕು ಪುಡಿಯಾಗುತ್ತಿತ್ತು.

ಮುಂದೆ ತೋಟಗಳು ಹೆಚ್ಚಿದ ಕಾಲಕ್ಕೆ ಕಾರ್ಖಾನೆಯ ಮಾಲು ಬಂತು. ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್‌ನ ಚಿಲ್ಲಿಂಗ್ಟನ್ ಕಂಪನಿಯ ಮೊಸಳೆ ಮಾರ್ಕಿನ ಗುದ್ದಲಿ ಉಷ್ಣದೇಶಗಳ ತೋಟಗಳಲ್ಲೆಲ್ಲ ಹೆಸರಾಯಿತು. ಅಕ್ಷರ ಬಾರದವನಿಗೂ ಮೊಸಳೆಯ ಚಿತ್ರ ತಿಳಿಯುತ್ತದಲ್ಲವೇ! ಅಷ್ಟೇ ಸುಲಭವಾಗಿ ಅದನ್ನು ನಕಲು ಮಾಡಲೂ ಬರುತ್ತದೆ. ಸುಳ್ಳು ಮುದ್ರೆಗಳ ವಿರುದ್ಧ ಬ್ರಿಟಿಷ್ ಭಾರತದಲ್ಲಿ 1889ರಲ್ಲೇ ಕಾನೂನು ಬಂತು. 1920ರ ದಶಕದಲ್ಲಿ ಜಮ್‌ಶೆಡ್‌ಪುರದಲ್ಲಿ ಟಾಟಾ ಅಗ್ರಿಕೊ ಸಲಕರಣೆಗಳು ಆರಂಭವಾದವು.

ಅದೇ ಕಾಲದಲ್ಲಿ ನಮ್ಮ ಗಿರಿಯ ಮಣ್ಣಿಗೂ ಕರೆ ಬಂತು. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆಗೆ ಅದಿರು ಹೋದದ್ದು ಬಾಬಾಬುಡನ್ ಶ್ರೇಣಿಯ ಕೆಮ್ಮಣ್ಣುಗುಂಡಿಯಿಂದ. ಮಲೆನಾಡಿನ ಸೌದೆಯ ಇದ್ದಿಲೇ ಆಗ ಅದರ ಇಂಧನ. ಕಾಡು ಎಷ್ಟು ಕರಗಿತೆಂಬುದು ಬೇರೆಯೇ ಲೇಖನಕ್ಕೆ ವಸ್ತು. ಇತ್ತ ಕಳಸದ ದಿಕ್ಕಿನ ಕುದುರೆಮುಖದ ಗಣಿ 2005ರ ಕೊನೆಗೆ ನಿಂತಿತು.

ಪರೀಕ್ಷೆಯ ವಿಧಾನವೂ ಬದಲಾಯಿತು. 1900ರಲ್ಲಿ ಸ್ವೀಡನ್ನಿನ ಬ್ರಿನೆಲ್ 10 ಮಿಲಿಮೀಟರ್ ಉಕ್ಕಿನ ಗುಂಡನ್ನು 3000 ಕಿಲೋ ಭಾರದಿಂದ ಲೋಹದ ಮೇಲೆ ಒತ್ತಿ, ಬಿದ್ದ ಕುಳಿಯ ಅಗಲದಿಂದ ಗಡುಸುತನ ಅಳೆದ. ಮರುವರ್ಷ ಫ್ರಾನ್ಸಿನ ಶಾರ್ಪಿ ಲೋಲಕದ ಸುತ್ತಿಗೆಯಿಂದ ಹೊಡೆದು, ಮುರಿಯಲು ಎಷ್ಟು ಶಕ್ತಿ ಬೇಕೆಂದು ಅಳೆಯುವ ಕ್ರಮ ತಿಳಿಸಿದ. ಇವೆರಡೂ ಬೇರೆ ಬೇರೆ ಗುಣಗಳೆಂಬುದನ್ನು ದಯವಿಟ್ಟು ಗಮನಿಸಿ. ಗಾಜು ಬಹಳ ಗಡುಸು, ಆದರೆ ಪೆಟ್ಟು ತಡೆಯದು. ಗಡುಸು ಹೆಚ್ಚಿದಂತೆ ಪೆಟ್ಟು ತಾಳುವ ಗುಣ ಸಾಮಾನ್ಯವಾಗಿ ಕುಗ್ಗುತ್ತದೆ. ‘ನಮ್ಮದೇ ಅತಿ ಗಡುಸು’ ಎಂಬ ಜಾಹೀರಾತನ್ನು ನಾನಂತೂ ಹೊಗಳಿಕೆಯೆಂದು ಎಣಿಸುವುದಿಲ್ಲ.

ನಮ್ಮ ಕಮ್ಮಾರರು ಈ ಎರಡನ್ನೂ ಒಂದೇ ಕತ್ತಿಯಲ್ಲಿ ಕೂಡಿಸಬಲ್ಲರು. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯನ್ನು ಬಡಿದು, ಬಾಯಿಯನ್ನು ಮಾತ್ರ ಕೆಂಪಗೆ ಕಾಯಿಸಿ ಅದ್ದಿ ತಣಿಸುತ್ತಾರೆ. ಬೆನ್ನು ಮೆದುವಾಗಿಯೇ ಉಳಿಯುತ್ತದೆ. ಮತ್ತೆ ಹಗುರವಾಗಿ ಕಾಯಿಸಿದಾಗ ಉಜ್ಜಿದ ಉಕ್ಕಿನ ಮೇಲೆ ಒಣಹುಲ್ಲಿನ ಬಣ್ಣ, ನೇರಳೆ, ನೀಲಿ ಒಂದರ ಹಿಂದೊಂದು ಓಡುತ್ತವೆ. ಹುಲ್ಲಿನ ಬಣ್ಣ ಸುಮಾರು 230 ಡಿಗ್ರಿ ಸೆಲ್ಸಿಯಸ್, ನೀಲಿ ಸುಮಾರು 300. ಎಲ್ಲಿ ನಿಲ್ಲಿಸಬೇಕೆಂಬುದೇ ವಿದ್ಯೆ.

ಹಾಗಾದರೆ ಅಂಗಡಿಯಲ್ಲಿ ನಿಂತ ನೀವು ಏನು ನೋಡಬೇಕು? ಐಎಸ್‌ಐ ಗುರುತಿದ್ದರೆ ಅದರ ಜೊತೆಗಿನ ಪರವಾನಗಿ ಸಂಖ್ಯೆಯನ್ನು ಬಿಐಎಸ್‌ನ ಮೊಬೈಲ್ ಆ್ಯಪಿನಲ್ಲಿ ಪರಿಶೀಲಿಸಬಹುದು. ಗುದ್ದಲಿಯನ್ನು ಬೆರಳಿಗೆ ತೂಗುಹಾಕಿ ತಟ್ಟಿ. ಒಡಕಿದ್ದರೆ ನಾದ ಸತ್ತಿರುತ್ತದೆ. ಬಾಯಿಗೆ ಸಣ್ಣ ಅರ ಉಜ್ಜಿ: ಅರ ಜಾರಿಹೋದರೆ ಚೂರು ಹಾರುವ ಭಯ, ಬೆಣ್ಣೆಯಂತೆ ಕಚ್ಚಿದರೆ ಮಡಚುವ ಭಯ. ಕಾವು ಕೂರುವ ತೂತು ಒಂದೇ ತುಂಡಿನದೋ ಬೆಸುಗೆಯದೋ ನೋಡಿ. ಬೆಸುಗೆ ಕೆಟ್ಟದಾಗಿದ್ದರೆ ಬೇರೆಲ್ಲಕ್ಕಿಂತ ಮೊದಲು ಬಿಡುವುದು ಅದೇ. ಅರ ಉಜ್ಜಲು ಅಂಗಡಿಯವರು ಒಪ್ಪದಿದ್ದರೆ ಒಂದನ್ನು ಮಾತ್ರ ಕೊಂಡು, ಒಂದು ವಾರ ಕೆಲಸಕ್ಕೆ ಹಾಕಿ, ಉಳಿದ ಡಜನ್ನಿಗೆ ಆಮೇಲೆ ಹಣ ಕೊಡಿ.